ಪಟ್ಟಿಯಲ್ಲಿ ಮೊದಲನೆಯವನು

ಮೂರನೆಯ ಸಾಲನ್ನು ಅವನು ಕೆಂಪು ಪೆನ್ನಿನಿಂದ ಹೊಡೆದುಹಾಕಿದ. ಎಡದಿಂದ ಬಲಕ್ಕೆ ಒಂದೇ ಗೆರೆ, ಕೊನೆಗೊಂದು ಸಣ್ಣ ಕೊಕ್ಕೆ. ಇಪ್ಪತ್ತಾರು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದ ಕೈ ಅದು. ಬಲಗಣ್ಣು ಪೂರ್ತಿ ಹೋಗಿ ಎಡಗಣ್ಣಿಗೆ ಭೂತಗನ್ನಡಿ ಬೇಕಾದ ಮೇಲೂ ಗೆರೆ ಮಾತ್ರ ಸೊಟ್ಟಗಾಗಿರಲಿಲ್ಲ.

"ಸಾರ್, ಅದನ್ನ ನಿರ್ದೇಶಕರೇ ನೋಡಿ ಒಪ್ಪಿದ್ದಾರೆ," ಎಂದ ಸಂಶೋಧನಾ ಸಂಸ್ಥೆಯ ಕಾರ್ಯದರ್ಶಿ, ಪಕ್ಕದಲ್ಲಿ ಬಗ್ಗಿ ನಿಂತು.

"ಒಪ್ಪಿರಬಹುದು. ತಪ್ಪು ತಪ್ಪೇ ಅಲ್ವಾ."

ಹಾಳೆಯಲ್ಲಿದ್ದದ್ದು ಎಂಟೇ ಸಾಲು. ತೀರಿಕೊಂಡ ಶಸ್ತ್ರವೈದ್ಯೆಯ ತಮ್ಮ ಅದನ್ನು ಎಲ್ಲರೆದುರು ಓದಬೇಕೆಂದು ಸಂಸ್ಥೆಯವರು ಬರೆಸಿ ತಂದಿದ್ದರು. ಎರಡನೆಯ ಸಾಲಿನ 'ನೂರಾರು ರೋಗಿಗಳು' ಆಗಲೇ 'ಹತ್ತೊಂಬತ್ತು ರೋಗಿಗಳು' ಆಗಿತ್ತು. ಮೂರನೆಯದು, 'ನನ್ನಕ್ಕ ಮಾಡಿದ್ದೆಲ್ಲ ನನಗಾಗಿಯೇ.' ಅದು ತಿದ್ದಿದರೆ ಸರಿಹೋಗುವ ಸಾಲಲ್ಲ ಎಂದು ಇಡಿಯಾಗಿಯೇ ತೆಗೆದಿದ್ದ. 'ಅವರ ಕೆಲಸ ಮುಂದುವರಿಯುತ್ತದೆ' ಎಂಬ ಏಳನೆಯ ಸಾಲಿನ ಪಕ್ಕ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ.

ಕಾರ್ಯದರ್ಶಿ ಬಿಡುವ ಪೈಕಿಯಲ್ಲ. ಜನರಿಗೆ ಇಷ್ಟವಾಗುವ ಸಾಲೇ ಅದು, ಬೆಳಗಿನ ಪತ್ರಿಕೆಯಲ್ಲೂ ಹಾಗೇ ಬಂದಿದೆ, ಚಿಕ್ಕ ವಯಸ್ಸಿಗೇ ಸಕ್ಕರೆ ಕಾಯಿಲೆ ಹತ್ತಿದ ತಮ್ಮ, ಅವನಿಗೋಸ್ಕರ ಡಾಕ್ಟರಾದ ಅಕ್ಕ, ಇದರಲ್ಲಿ ಸುಳ್ಳೇನಿದೆ ಎಂದು ಕೇಳಿದ. ಪತ್ರಿಕೆಯಲ್ಲಿ ತಾನಿದ್ದಿದ್ದರೆ ಅಲ್ಲೂ ಹೊಡೆಯುತ್ತಿದ್ದೆ ಎಂದ ತಮ್ಮ. ಕೆಲಸದಲ್ಲಿದ್ದಾಗ ಅವನಿಗೆ 'ಒತ್ತಕ್ಷರ' ಎಂದೇ ಅಡ್ಡಹೆಸರು. ಬಿಟ್ಟುಹೋದ ಒತ್ತು ಯಾರ ಕಣ್ಣಿಗೆ ಬೀಳದಿದ್ದರೂ ಅವನ ಕಣ್ಣಿಗೆ ಬೀಳುತ್ತಿತ್ತು. ಬಿದ್ದ ಮೇಲೆ ಸುಮ್ಮನಿರುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಒಂಟಿಯಾಗಿ ಉಳಿದದ್ದಕ್ಕೂ ಅದೇ ಕಾರಣವಿರಬೇಕು ಎಂದು ಜೊತೆಯವರು ನಗುತ್ತಿದ್ದರು.

ಚಿತಾಗಾರದ ಆ ಪಕ್ಕದ ಕೋಣೆಗೆ ಫಿನಾಯಿಲ್ ವಾಸನೆಯಿತ್ತು. ಗಾಜಿನ ಕಿಟಕಿಯಾಚೆ ಕುರ್ಚಿ ಹಾಕಿದ ದೊಡ್ಡ ಹಾಲು. ಮುಂದುಗಡೆ ಪೆಟ್ಟಿಗೆಯಲ್ಲಿ ಅಕ್ಕ ಮಲಗಿದ್ದಳು. ಹನ್ನೊಂದೂವರೆಯಿಂದ ಹನ್ನೆರಡೂಕಾಲಿನವರೆಗೆ ಅವಳ ಹೊತ್ತು. ಆಮೇಲೆ ಬೇರೆ ಯಾರದೋ ಸರದಿ, ಅವರ ಕಡೆಯವರು ಆಗಲೇ ಬಂದು ಹೊರಗೆ ಕಾಯುತ್ತಿದ್ದರು.

*

ಕಾಯಿಲೆ ಗೊತ್ತಾದಾಗ ಅವನಿಗೆ ಒಂಬತ್ತು, ಅಕ್ಕನಿಗೆ ಹದಿನೇಳು. ಅಮ್ಮನಿಗೆ ಸೂಜಿ ಹಿಡಿಯಲು ಕೈ ಬರಲಿಲ್ಲ. ಅಪ್ಪ ಸೂಜಿ ಕಂಡರೆ ಎದ್ದು ಬೀದಿಗೆ ಹೋಗುತ್ತಿದ್ದ. ಗಾಜಿನ ಸಿರಿಂಜನ್ನು ಪಾತ್ರೆಯಲ್ಲಿ ಕುದಿಸಿ, ಅಕ್ಕ ಮೊದಲು ತನ್ನ ತೊಡೆಗೇ ಬರೀ ಸೂಜಿ ಚುಚ್ಚಿಕೊಂಡಿದ್ದಳು. ಇರುವೆ ಕಚ್ಚಿದ ಹಾಗಾಗುತ್ತೆ ಅಷ್ಟೇ ಪುಟ್ಟ, ಎಂದಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿದ್ದನ್ನು ಅವನು ಕಂಡಿದ್ದ. ಆಗ ಅವನ ಕಣ್ಣು ಚೆನ್ನಾಗಿದ್ದವು.

ಮುಂದೆ ಅವಳು ಶಸ್ತ್ರವೈದ್ಯೆಯಾಗಿ, ಆಮೇಲೆ ಪ್ರಯೋಗಾಲಯ ಹೊಕ್ಕಳು. ಮದುವೆಯ ಮಾತು ಎತ್ತಿದವರಿಗೆಲ್ಲ ಬಿಡುವಿಲ್ಲ ಎಂದಳು, ನಿಜವಾಗಿಯೂ ಇರಲಿಲ್ಲ. ಸತ್ತವರ ದೇಹದಿಂದ ತೆಗೆದ ಮೇದೋಜೀರಕ ಗ್ರಂಥಿ ಮಂಜುಗಡ್ಡೆಯ ಡಬ್ಬಿಯಲ್ಲಿ ಬರುತ್ತಿತ್ತು. ಅದಕ್ಕೆ ಔಷಧ ತುಂಬಿ, ಉಕ್ಕಿನ ಪಾತ್ರೆಯಲ್ಲಿ ಹಾಕಿ ಗಂಟೆಗಟ್ಟಲೆ ಕುಲುಕಿ ಕರಗಿಸಿ, ಇನ್ಸುಲಿನ್ ಮಾಡುವ ಕಣಗಳನ್ನಷ್ಟೇ ಬೇರ್ಪಡಿಸಬೇಕು. ಪ್ರಯೋಗಾಲಯದಲ್ಲಿ ಅವಕ್ಕೆ 'ಕಾಳು' ಎನ್ನುತ್ತಿದ್ದರು. ಇಂದು ಎಷ್ಟು ಕಾಳು ಸಿಕ್ಕಿತು ಎಂಬುದೇ ಅಲ್ಲಿಯ ಕುಶಲಪ್ರಶ್ನೆ. ಮೂರೂವರೆ ಲಕ್ಷ ಸಿಕ್ಕರೆ ಒಬ್ಬ ರೋಗಿಗೆ ಸಾಕು. ಅವನ್ನು ಒಂದು ಚೀಲದಲ್ಲಿ ತುಂಬಿ, ರಕ್ತ ಏರಿಸುವಂತೆ, ಯಕೃತ್ತಿನ ರಕ್ತನಾಳಕ್ಕೆ ಹನಿಹನಿಯಾಗಿ ಬಿಡುವುದು. ಕಾಳು ಅಲ್ಲಿ ಬೇರೂರಿದರೆ ಆ ಮನುಷ್ಯ ಸೂಜಿ ಎಸೆಯಬಹುದು. ದೇಹ ಅವನ್ನು ಹೊರಗಿನವೆಂದು ಕೊಲ್ಲದಿರಲು ಮಾತ್ರ ಬದುಕಿರುವತನಕ ಮಾತ್ರೆ ನುಂಗಬೇಕು.

ಅಕ್ಕ ಒಮ್ಮೆ ಅವನನ್ನು ಕರೆದೊಯ್ದು ಸೂಕ್ಷ್ಮದರ್ಶಕದಲ್ಲಿ ತೋರಿಸಿದ್ದಳು. ಹಳದಿ ರಾಡಿಯ ನಡುವೆ ಬಣ್ಣ ಹಿಡಿದು ಕೆಂಪಗೆ ಕೂತ ಚುಕ್ಕೆಗಳು.

"ನಿನ್ನಲ್ಲಿ ಇಲ್ಲದ್ದು ಇದೇ ನೋಡು," ಎಂದಿದ್ದಳು. "ಇಷ್ಟೇ."

ಅವನಿಗೆ ಅದು ಬರೀ ಸಕ್ಕರೆಯ ಪ್ರಶ್ನೆಯಾಗಿ ಉಳಿದಿರಲಿಲ್ಲ. ನಲವತ್ತು ದಾಟಿದ ಮೇಲೆ ಸಕ್ಕರೆ ಕುಸಿಯುವ ಮುನ್ಸೂಚನೆಯೇ ತಿಳಿಯದಾಯಿತು. ಬೆವರಿಲ್ಲ, ನಡುಕವಿಲ್ಲ, ನಿಂತವನು ನಿಂತಲ್ಲೇ ಬೀಳುವುದು. ಒಂದು ಸಲ ಮುದ್ರಣಾಲಯದ ಮೆಟ್ಟಿಲ ಮೇಲಿಂದ ಉರುಳಿ ದವಡೆ ಮುರಿಯಿತು. ಅಂಥವರಿಗಾಗಿಯೇ ಅಕ್ಕನ ಪಟ್ಟಿ ಇದ್ದದ್ದು. ಎರಡು ವರ್ಷ ಕಾದು ಅವನು ಪಟ್ಟಿಯಲ್ಲಿ ಮೊದಲನೆಯವನಾದ.

ಏಳು ವರ್ಷದ ಹಿಂದಿನ ಮಾತು. ಅವನ ರಕ್ತದ ಗುಂಪಿಗೆ ಹೊಂದುವ ಗ್ರಂಥಿ ಬಂತು. ಕರೆ ಬರುತ್ತದೆಂದು ಇಡೀ ದಿನ ಫೋನಿನ ಪಕ್ಕ ಕೂತ. ಸಂಜೆ ಅಕ್ಕನೇ ಬಂದಳು. ನಿನ್ನ ಕಿಡ್ನಿ ರಿಪೋರ್ಟ್ ಸರಿಯಿಲ್ಲ, ಪಟ್ಟಿಯಿಂದ ತೆಗೆದಿದ್ದೀನಿ, ಎಂದಳು. ಕಾಳು ಹೋದದ್ದು ಒಬ್ಬ ಕ್ರೇನ್ ನಡೆಸುವವನಿಗೆ. ಮೂರು ತಿಂಗಳಾದ ಮೇಲೆ ತಮ್ಮ ಬೇರೆ ಕಡೆ ಪರೀಕ್ಷೆ ಮಾಡಿಸಿದ. ಕಿಡ್ನಿ ಎರಡೂ ಗಟ್ಟಿಮುಟ್ಟಾಗಿದ್ದವು. ಆ ಕಾಗದವನ್ನು ಅವಳ ಮೇಜಿನ ಮೇಲೆ ಹಾಕಿದಾಗ ಅವಳು ಬಿಚ್ಚಿಯೂ ನೋಡಲಿಲ್ಲ. ಆಗ ಅವನಿಗೆ ಎಲ್ಲ ತಿಳಿಯಿತು, ಅಥವಾ ತಿಳಿಯಿತೆಂದುಕೊಂಡ. ಸ್ವಂತ ತಮ್ಮನಿಗೆ ಮಾಡಿಕೊಂಡಳು ಎಂದು ಜನ ಆಡಿಕೊಂಡಾರು ಎಂಬ ಹೆದರಿಕೆ ಇವಳಿಗೆ. ಹೆಸರು ಉಳಿಸಿಕೊಳ್ಳಲು ತಮ್ಮನನ್ನು ಬಿಟ್ಟಳು. ಊರಿಗೆ ಉಪಕಾರಿ, ಮನೆಗೆ ಮಾರಿ, ಎಂದು ಅವಳ ಮುಖಕ್ಕೇ ಹೇಳಿ ಎದ್ದು ಬಂದ.

ಅಂದಿನಿಂದ ಮಾತು ಬಿಟ್ಟ. ಅವಳು ತಿಂಗಳಿಗೊಮ್ಮೆ ಬಂದು ಇನ್ಸುಲಿನ್ ಬಾಟಲಿಗಳನ್ನು ಬಾಗಿಲ ಹಿಡಿಕೆಗೆ ನೇತುಹಾಕಿ ಹೋಗುತ್ತಿದ್ದಳು. ಅವಳ ಹೆಜ್ಜೆ ಮೆಟ್ಟಿಲಿಳಿದು ಹೋಗುವತನಕ ಅವನು ಒಳಗೆ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಬಾಟಲಿ ಮಾತ್ರ ಬಿಡದೆ ಬಳಸಿದ. ಎರಡು ವರ್ಷಕ್ಕೆ ಬಲಗಣ್ಣಿನ ಒಳಗೆ ರಕ್ತ ಒಸರಿತು. ನಾಲ್ಕನೆಯ ವರ್ಷಕ್ಕೆ ಕೆಲಸ ಹೋಯಿತು.

*

ಹಾಲಿನಲ್ಲಿ ನಲವತ್ತು ಜನರಿರಬಹುದು. ಮುಂದಿನ ಎರಡು ಸಾಲು ಸಂಸ್ಥೆಯವರದು. ತಮ್ಮನನ್ನು ಮೂರನೆಯ ಸಾಲಿನಲ್ಲಿ ಲ್ಯಾಬಿನಮ್ಮನ ಪಕ್ಕ ಕೂರಿಸಿದರು. ಇಪ್ಪತ್ತೆರಡು ವರ್ಷ ಅಕ್ಕನ ಜೊತೆ ಕಾಳು ಎಣಿಸಿದ ತಂತ್ರಜ್ಞೆ ಆಕೆ. ಹೆಸರು ಹಿಡಿದು ಯಾರೂ ಕರೆಯುತ್ತಿರಲಿಲ್ಲ. ಅಕ್ಕ ಅಡುಗೆಮನೆಯಲ್ಲಿ ಬಿದ್ದಿದ್ದಾಗ ಬಾಗಿಲು ಒಡೆಸಿದವಳೂ ಅವಳೇ. ತಿಂಡಿ ತಿಂದ್ರಾ ಎಂದು ಕೇಳಿದಳು, ಉತ್ತರಕ್ಕೆ ಕಾಯದೆ ಅವನ ಕೈಗೆ ಎರಡು ಬಿಸ್ಕತ್ತು ಇಟ್ಟಳು.

ನಿರ್ದೇಶಕರು ಚೆನ್ನಾಗಿ ಮಾತಾಡಿದರು. ಎಲ್ಲಿ ತಡೆಯಬೇಕು, ಎಲ್ಲಿ ದನಿ ಇಳಿಸಬೇಕು, ಎಲ್ಲವೂ ಅವರಿಗೆ ಗೊತ್ತಿತ್ತು. ಅಕ್ಕನ ಪ್ರಯೋಗಾಲಯ ಇದ್ದ ಜಾಗದಲ್ಲಿ ಸ್ಕ್ಯಾನಿಂಗ್ ಕೇಂದ್ರ ಬರಲಿದೆ, ಅದಕ್ಕೆ ಅವಳ ಹೆಸರನ್ನೇ ಇಡಲಾಗುವುದು ಎಂದರು. ಮುಂದಿನ ಎರಡು ಸಾಲು ತಲೆಯಾಡಿಸಿತು.

"ಲ್ಯಾಬ್ ಮುಚ್ಚಿ ಬೀಗದ ಕೈ ತಂದ್ಕೊಡಿ ಅಂತ ಇವರೇ ಚೀಟಿ ಕಳ್ಸಿದ್ರು," ಎಂದಳು ಲ್ಯಾಬಿನಮ್ಮ, ತುಟಿ ಅಲುಗಿಸದೆ. "ಎಂಟು ತಿಂಗಳಾಯ್ತು. ಎದುರಿಗೆ ಬಂದು ಹೇಳೋ ಮುಖ ಇರಲಿಲ್ಲ."

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಬಗ್ಗಿ ತಮ್ಮನ ಭುಜ ಮುಟ್ಟಿದ. ಅಗಲವಾದ ಮೈಕಟ್ಟು, ಬೂದಿ ಬಣ್ಣಕ್ಕೆ ತಿರುಗಿದ ಮುಖ, ಮಣಿಕಟ್ಟಿನವರೆಗೆ ಗುಂಡಿ ಹಾಕಿದ ಅಂಗಿತೋಳು. ಡಾಕ್ಟ್ರಮ್ಮನ ತಮ್ಮ ನೀವೇ ಅಲ್ವಾ ಎಂದು ಕೇಳಿ, ತಾನು ಕ್ರೇನ್ ನಡೆಸುತ್ತಿದ್ದವನು ಎಂದು ಹೇಳಿಕೊಂಡ. ತಮ್ಮನಿಗೆ ಬೇರೆ ಪರಿಚಯ ಬೇಕಿರಲಿಲ್ಲ. ಏಳು ವರ್ಷ ಅವನು ಮನಸ್ಸಿನಲ್ಲೇ ಬೈದ ಮನುಷ್ಯನಿಗೆ ಇವತ್ತು ಒಂದು ದನಿ ಬಂದಿತ್ತು.

ಆತ ಪಿಸುದನಿಯಲ್ಲೇ ಎಲ್ಲ ಹೇಳಿದ. ನಾಲ್ಕು ವರ್ಷ ಒಂದು ಸೂಜಿಯೂ ಇಲ್ಲದೆ ಇದ್ದದ್ದು, ಹನ್ನೆರಡು ಮಹಡಿ ಎತ್ತರದ ಕ್ಯಾಬಿನ್ನಿಗೆ ಮತ್ತೆ ಹತ್ತಲು ಬಿಟ್ಟದ್ದು, ಮೇಲಿಂದ ಊರು ಕಂಡದ್ದು. ಆಮೇಲೆ ಕಾಳು ಒಂದೊಂದಾಗಿ ಸತ್ತವು. ಮಾತ್ರೆ ಕಿಡ್ನಿಯನ್ನೂ ತಿಂದುಹಾಕಿತು. ಈಗ ವಾರಕ್ಕೆ ಮೂರು ದಿನ ಡಯಾಲಿಸಿಸ್. ಇವತ್ತೂ ಎರಡು ಗಂಟೆಗೆ ಹೋಗಬೇಕು.

"ಆದ್ರೂ ಬರದೆ ಇರೋಕಾಗಲಿಲ್ಲ ಸಾರ್," ಎಂದ.

ತಮ್ಮ ಹೂಂ ಎಂದ. ನಾಲ್ಕು ವರ್ಷ. ಬೆರಳು ಮಡಚಿ ಎಣಿಸಿದ. ಆ ನಾಲ್ಕು ವರ್ಷದೊಳಗೇ ತನ್ನ ಕಣ್ಣು ಹೋದದ್ದು.

*

ಐದು ದಿನದ ಹಿಂದೆ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಅವನಿಂದ ಸಹಿ ಹಾಕಿಸಿಕೊಂಡಿದ್ದರು. ಮಿದುಳಿನಲ್ಲಿ ರಕ್ತ ಚೆಲ್ಲಿತ್ತು. ಅಕ್ಕನ ಎದೆ ಯಂತ್ರದಿಂದ ಏರಿಳಿಯುತ್ತಿತ್ತು, ಅವಳು ಇರಲಿಲ್ಲ. ಅಂಗದಾನದ ಕೆಲಸ ನೋಡುವ ಹೆಂಗಸು ಮೆತ್ತಗೆ ಮಾತಾಡುತ್ತ ನಮೂನೆಯನ್ನು ಮುಂದಿಟ್ಟಳು. ಅಕ್ಕ ಎಂದೋ ಬರೆದುಕೊಟ್ಟಿದ್ದಳಂತೆ, ಉಳಿದದ್ದು ಮನೆಯವರ ಒಪ್ಪಿಗೆ ಮಾತ್ರ.

ಅವನು ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ಓದಿದ. ಮೂತ್ರಪಿಂಡ, ಎರಡೂ. ಯಕೃತ್ತು. ಕಣ್ಣಿನ ಪಾರದರ್ಶಕ ಪೊರೆ. ಎಲ್ಲಕ್ಕೂ ಗುರುತು ಹಾಕುತ್ತ ಬಂದು, ಮೇದೋಜೀರಕ ಗ್ರಂಥಿ ಎಂದಿದ್ದ ಸಾಲಿಗೂ ಹಾಕಿದ.

"ಅದು ಬೇಡ ಸಾರ್, ಅದನ್ನ ಹೊಡೆದುಬಿಡಿ," ಎಂದಳು ಆ ಹೆಂಗಸು.

ಯಾಕೆಂದು ಕೇಳಿದ.

ಅವಳಿಗೆ ಹೇಳಲು ಕಷ್ಟವಾಯಿತು. "ಅದನ್ನ ತಗೊಳ್ಳೋರು ಈಗ ಯಾರೂ ಇಲ್ಲ. ಮೊದಲಾದ್ರೆ ಮೇಡಂ ಅವರೇ ತಗೋತಿದ್ರು."

ಅವನು ಹಾಕಿದ ಗುರುತನ್ನು ಅವನೇ ಹೊಡೆದ, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದ. ತಿದ್ದಿದಲ್ಲೆಲ್ಲ ಸಹಿ ಇರಬೇಕು ಎಂಬುದು ಅವನಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ.

*

ನಿರ್ದೇಶಕರ ನಂತರ ಇನ್ನೊಬ್ಬ ವೈದ್ಯರು ಎದ್ದರು. ಅವರಾದ ಮೇಲೆ ತಮ್ಮನ ಸರದಿ. ಲ್ಯಾಬಿನಮ್ಮ ಅವನ ಮೊಣಕೈ ಹಿಡಿದು, ನೀರು ಕುಡಿದು ಬರೋಣ ಬನ್ನಿ ಎಂದು ಹೊರಗಿನ ಪಡಸಾಲೆಗೆ ಕರೆದೊಯ್ದಳು. ಮೂಲೆಯಲ್ಲಿ ನೀರಿನ ಕ್ಯಾನು ಇತ್ತು. ಲೋಟ ತುಂಬಿದಳು, ಕೊಡದೆ ಹಾಗೇ ಹಿಡಿದು ನಿಂತಳು.

"ಏನು ಹೇಳ್ಬೇಕು ಅಂತಿದೀರಿ ಅಲ್ಲಿ?"

ಇದ್ದದ್ದು ಇದ್ದಹಾಗೆ ಹೇಳುವೆ ಎಂದ ಅವನು. ಹತ್ತೊಂಬತ್ತು ಜನಕ್ಕೆ ಕೊಟ್ಟಳು, ತಮ್ಮನಿಗೆ ಸುಳ್ಳು ರಿಪೋರ್ಟ್ ಕೊಟ್ಟಳು, ಅಷ್ಟೇ. ಒಮ್ಮೆಯಾದರೂ ಸರಿಯಾದದ್ದನ್ನು ಕೇಳಲಿ ಇವರೆಲ್ಲ.

"ಆ ರಿಪೋರ್ಟ್ ಟೈಪ್ ಮಾಡಿದ್ದು ನಾನು," ಎಂದಳು ಲ್ಯಾಬಿನಮ್ಮ.

"ಯಾರು ಮಾಡಿದ್ರೇನು. ಜನಕ್ಕೆ ಹೆದರಿ ಮಾಡಿಸಿದ್ದು ಅವಳು."

"ಜನಕ್ಕೆ ಹೆದರೋ ಹೆಂಗಸಾ ಅವರು?"

ಆಮೇಲೆ ಅವಳು ನೆಲ ನೋಡುತ್ತ ಹೇಳಿದಳು. ಆ ಹೊತ್ತಿಗೆ ಒಂಬತ್ತು ಜನರಿಗೆ ಮಾಡಿ ಆಗಿತ್ತು. ಒಬ್ಬಾಕೆಗೆ ಯಕೃತ್ತಿನಿಂದ ರಕ್ತ ನಿಲ್ಲದೆ ಎರಡು ಸಲ ಹೊಟ್ಟೆ ತೆರೆದರು, ಐದನೆಯ ದಿನ ತೀರಿಕೊಂಡಳು. ಇಬ್ಬರಿಗೆ ಕಾಳು ಹಿಡಿಯಲೇ ಇಲ್ಲ. ಮೂವರಿಗೆ ಮಾತ್ರೆಯಿಂದ ಕಿಡ್ನಿ ಬತ್ತತೊಡಗಿತ್ತು. ಹತ್ತನೆಯವನು ತಮ್ಮ. ಒಳಗೆ ಯಂತ್ರ ಗ್ರಂಥಿಯನ್ನು ಕುಲುಕುತ್ತಿತ್ತು, ರೋಗಿಗೆ ಕರೆ ಮಾಡುವ ಹೊತ್ತು. ಡಾಕ್ಟ್ರಮ್ಮ ಅವನ ಕಡತ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತರು. ಬಹಳ ಹೊತ್ತು ಕೂತರು.

"'ಇವನಿಗೆ ಈಗ ಬೇಡ' ಅಂದ್ರು. 'ಇನ್ನೂ ಹತ್ತು ಜನ ಆಗ್ಲಿ. ನನ್ನ ಕೈ ಪಳಗಲಿ. ಆ ಮಾತ್ರೆ ಎಷ್ಟು ಕೊಟ್ರೆ ಕಿಡ್ನಿ ಉಳಿಯುತ್ತೆ ಅಂತ ಗೊತ್ತಾಗ್ಲಿ. ಆಮೇಲೆ ಇವನಿಗೆ. ಮುಂದಿನವರನ್ನ ಕರಿ' ಅಂದ್ರು. ನಾನು ಕರೆದೆ."

ಕಿಟಕಿಯ ಗಾಜಿನಲ್ಲಿ ಹಾಲಿನ ಹಿಂದಿನ ಸಾಲು ಮಸಕುಮಸಕಾಗಿ ಕಾಣುತ್ತಿತ್ತು. ಅಲ್ಲೊಂದು ಅಗಲವಾದ ಬೆನ್ನು.

"ಅವನಿಗೆ ಇದೆಲ್ಲ ಗೊತ್ತಿತ್ತಾ?"

"ಹನ್ನೆರಡು ಪುಟದ ಕಾಗದಕ್ಕೆ ಸಹಿ ಹಾಕಿದಾರೆ. ರಕ್ತಸ್ರಾವ, ಕಿಡ್ನಿ, ಎಲ್ಲಾ ಬರೆದಿರುತ್ತೆ ಅದರಲ್ಲಿ. ಬೇರೆ ದಾರಿ ಇಲ್ಲದೋರು ಓದಿ ಹಾಕ್ತಾರಾ?"

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ, 'ಹಾಗಾದ್ರೆ ಅವನ ಗತಿ ಏನು' ಅಂತ ನೀವು ಕೇಳೇ ಕೇಳ್ತಿದ್ರಿ. ಅದಕ್ಕೆ ಉತ್ತರ ಇರಲಿಲ್ಲ ಅವರ ಹತ್ರ. ಕೋಪ ಮಾಡ್ಕೊಳ್ಳಲಿ ಬಿಡು ಅಂದ್ರು." ಅವಳು ಲೋಟವನ್ನು ಅವನ ಕೈಗೆ ಕೊಟ್ಟಳು. "ಹತ್ತು ಜನಾನೂ ಆಯ್ತು. ಹತ್ತೊಂಬತ್ತನೆಯವರಿಗೆ ಮಾಡಿದ ತಿಂಗಳೇ ಬೀಗ ಹಾಕಿದ್ರು."

ಅವನು ನೀರು ಕುಡಿದ. ಏಳು ವರ್ಷ ಒಂದು ಸುಳ್ಳನ್ನು ಸರಿಯಾಗಿಯೇ ಹಿಡಿದಿದ್ದ, ಓದಿಕೊಂಡದ್ದು ಮಾತ್ರ ಪೂರಾ ತಪ್ಪು. ಮುದ್ರಣಾಲಯದಲ್ಲಿ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಬಾಗಿಲ ಹಿಡಿಕೆಗೆ ಚೀಲ ತಗುಲಿಸಿ ಅವಳು ನಿಲ್ಲುತ್ತಿದ್ದ ಆ ಅರೆನಿಮಿಷ ನೆನಪಾಯಿತು. ಒಳಗಿನಿಂದ ಅವನಿಗೆ ಅವಳ ಉಸಿರು ಕೇಳುತ್ತಿತ್ತು. ಅವನದೂ ಅವಳಿಗೆ ಕೇಳಿಸಿರಬೇಕು.

"ಕಿಡ್ನಿ ಉಳಿಸಿದಳು," ಎಂದ. "ಕಣ್ಣು ಹೋಯ್ತು."

ಲ್ಯಾಬಿನಮ್ಮ ಖಾಲಿ ಲೋಟವನ್ನು ಅವನ ಕೈಯಿಂದ ತೆಗೆದುಕೊಂಡಳು. ಒಳಗಿನಿಂದ ಕಾರ್ಯದರ್ಶಿ ಬಂದು ಕೈಸನ್ನೆ ಮಾಡಿದ.

ಮೈಕಿನ ಮುಂದೆ ನಿಂತು ತಮ್ಮ ಹಾಳೆ ಬಿಚ್ಚಿದ. ಭೂತಗನ್ನಡಿಯನ್ನು ಕುರ್ಚಿಯ ಮೇಲೆಯೇ ಬಿಟ್ಟು ಬಂದಿದ್ದ. ಕಪ್ಪು ಗೆರೆಗಳ ನಡುವೆ ಕೆಂಪು ಗೆರೆ ಮಾತ್ರ ಕಂಡಿತು. ಎದುರಿಗೆ ಮುಖಗಳಿಲ್ಲ, ಬರೀ ಮಂಜು. ಯಾರೋ ಗಂಟಲು ಸರಿಮಾಡಿಕೊಂಡರು. ಸತ್ಯ ಹೇಳಿಬಿಡಬೇಕೆಂದು ಒಂದು ಕ್ಷಣ ನಾಲಗೆ ಎದ್ದಿತು. ಹಿಂದಿನ ಸಾಲಿನಲ್ಲಿ, ಎರಡು ಗಂಟೆಗೆ ಹೊರಡಬೇಕಾದವನು ಕೂತಿದ್ದ.

"ನನ್ನಕ್ಕ ಮಾಡಿದ್ದೆಲ್ಲ ನನಗಾಗಿಯೇ," ಎಂದ ತಮ್ಮ.

ಅಷ್ಟು ಹೇಳಿ ಕೆಳಗಿಳಿದ. ಮುಂದಿನ ಸಾಲಿನಲ್ಲಿ ಯಾರೋ ಮೂಗು ಒರೆಸಿಕೊಂಡರು. ನಿರ್ದೇಶಕರು ಎದ್ದು ಬಂದು ಅವನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಕಾರ್ಯದರ್ಶಿ ಸಮಾಧಾನದಿಂದ ಕೈಗಡಿಯಾರ ನೋಡಿಕೊಂಡ. ಹನ್ನೆರಡೂಕಾಲಿಗೆ ಸರಿಯಾಗಿ ಪೆಟ್ಟಿಗೆ ಉರುಳೆಗಳ ಮೇಲೆ ಜಾರಿ ಒಳಗೆ ಹೋಯಿತು, ಉಕ್ಕಿನ ಬಾಗಿಲು ಮುಚ್ಚಿತು. ಮುಂದಿನವರ ಕಡೆಯವರು ಆಗಲೇ ಕುರ್ಚಿಗಳ ನಡುವೆ ಬರತೊಡಗಿದ್ದರು.

ಹೊರಗೆ ಬಿಸಿಲಿಗೆ ಅವನ ಇದ್ದೊಂದು ಕಣ್ಣೂ ಕುರುಡಾಯಿತು. ಬಾಗಿಲ ಚೌಕಟ್ಟು ಹಿಡಿದು ನಿಂತಾಗ ಪಕ್ಕದಲ್ಲಿ ಆ ದನಿ ಕೇಳಿತು.

"ಮೆಟ್ಟಿಲಿದೆ ಸಾರ್. ನನ್ನ ಕೈ ಹಿಡ್ಕೊಳಿ."

ಬೇಡವೆನ್ನುವಷ್ಟರಲ್ಲಿ ಕ್ರೇನಿನವನು ತನ್ನ ತೋಳನ್ನು ಅವನ ಕೈಗೆ ಕೊಟ್ಟಿದ್ದ. ಒಂದು ಮೆಟ್ಟಿಲು ಇಳಿದರು.

"ಒಂದು ಮಾತು ನಿಮಗೆ ಹೇಳ್ಬೇಕು ಅಂತ ಎಷ್ಟೋ ವರ್ಷದಿಂದ ಇತ್ತು ಸಾರ್," ಎಂದ ಆತ. "ಅವತ್ತು ಪಟ್ಟಿಯಲ್ಲಿ ನೀವು ಮೊದಲು ಇದ್ರಂತೆ. ಆಸ್ಪತ್ರೆಯಲ್ಲಿ ಯಾರೋ ಹೇಳಿದ್ರು. ಒಡಹುಟ್ಟಿದ ತಮ್ಮನ್ನ ಬಿಟ್ಟು ಹೊರಗಿನವನಿಗೆ ಕೊಡೋರು ಯಾರಿದ್ದಾರೆ ಸಾರ್ ಈ ಕಾಲದಲ್ಲಿ? ನಿಮ್ಮ ಪಾಲನ್ನ ನಾನು ತಿಂದೆ ಅಂತ ಎಷ್ಟೋ ಸಲ ಅನ್ಸುತ್ತೆ. ಇವತ್ತು ನೀವು ಅಲ್ಲಿ ನಿಂತು ಹಾಗೆ ಹೇಳಿದ್ರಲ್ಲ, ನಿಮಗೆ ಸಿಟ್ಟಿಲ್ಲ ಅಂತ ಮನಸ್ಸು ಹಗುರಾಯ್ತು."

ತಮ್ಮನ ಕೈ ತಾನಾಗಿಯೇ ಬಿಗಿಯಿತು. ಅಂಗಿಯ ಬಟ್ಟೆಯ ಕೆಳಗೆ, ಮುಂಗೈಯಲ್ಲಿ, ಹಗ್ಗದಷ್ಟು ದಪ್ಪದ ಏನೋ ಬೆರಳಿಗೆ ತಾಕಿತು. ಅದು ನಡುಗುತ್ತಿತ್ತು. ಅವನು ಬೆಚ್ಚಿ ಕೈ ತೆಗೆಯಹೋದ.

"ಡಯಾಲಿಸಿಸ್‌ಗೆ ಅಂತ ಎರಡು ನರ ಸೇರಿಸಿ ಹೊಲಿದಿದಾರೆ ಸಾರ್. ಹಗಲೂ ರಾತ್ರಿ ಹಾಗೇ ಗುಂಯ್ ಅಂತಿರುತ್ತೆ. ಬಿಗಿಯಾಗಿ ಹಿಡೀಬಾರದು ಅಂತಾರೆ." ಆತ ಇನ್ನೊಂದು ಕೈಯಿಂದ ತಮ್ಮನ ಬೆರಳುಗಳನ್ನು ಮತ್ತೆ ಅಲ್ಲೇ ಒತ್ತಿದ. "ಪರವಾಗಿಲ್ಲ, ನೀವು ಹಿಡ್ಕೊಳಿ."

ಇನ್ನೂ ನಾಲ್ಕು ಮೆಟ್ಟಿಲಿದ್ದವು. ಇಬ್ಬರೂ ಒಂದೊಂದಾಗಿ ಇಳಿದರು. ತಮ್ಮನ ಅಂಗೈಯ ಕೆಳಗೆ ಆ ನರ, ಮುಷ್ಟಿಯೊಳಗೆ ಸಿಕ್ಕಿಕೊಂಡ ಜೇನುನೊಣದಂತೆ, ಗುಂಯ್‌ಗುಡುತ್ತಲೇ ಇತ್ತು.